ಸೀಗಡಿಯ ದಾಯಾದಿ

ಕವಿನ್, ಹರ್ಷಿಣಿ, ಇಬ್ಬರೂ ಕೇಳಿ. ನಿಮ್ಮ ಅವ್ವನಿಗೆ, ಎಂದರೆ ನಿಮ್ಮ ಅಪ್ಪನನ್ನು ಹೆತ್ತ ನನಗೆ, ನಾಲ್ಕು ಜನರ ಎದುರು ಬಾಯಿ ಬರುವುದಿಲ್ಲ ಎಂಬುದು ನಿಮಗೆ ಗೊತ್ತಿರುವ ಸಂಗತಿ. ಮದುವೆಮನೆಯ ಫೋಟೋಗಳಲ್ಲೆಲ್ಲ ನಾನು ಅರ್ಧ ಮಾತ್ರ ಇದ್ದೇನೆ. ಇನ್ನರ್ಧ ಯಾವುದೋ ಕಂಬದ ಹಿಂದೆಯೋ ದಪ್ಪಗಿರುವ ನೆಂಟರ ಹಿಂದೆಯೋ ಇರುತ್ತದೆ. ತಾಳವಾಡಿ ಕಡೆಯ ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದೆ. ಪದ್ಯ ಹೇಳು ಎಂದು ಮೇಷ್ಟ್ರು ಎಬ್ಬಿಸಿದರೆ ಎದ್ದು ನಿಂತು, ಇಡೀ ಪದ್ಯವನ್ನು ಮನಸ್ಸಿನಲ್ಲೇ ಒಂದೂ ತಪ್ಪಿಲ್ಲದೆ ಹೇಳಿ ಕುಳಿತುಕೊಳ್ಳುತ್ತಿದ್ದೆ. ಮೇಷ್ಟ್ರಿಗೆ ಅದು ಕೇಳಿಸದೇ ಹೋದದ್ದು ನನ್ನ ತಪ್ಪಲ್ಲವೆಂದು ಆಗ ಅಂದುಕೊಂಡಿದ್ದೆ. ಇಷ್ಟು ವರ್ಷ ಕಳೆದ ಮೇಲೆ ತಿಳಿದದ್ದು ಏನೆಂದರೆ, ನಾಚಿಕೆಯಲ್ಲಿ ಎರಡು ಜಾತಿ ಇದೆ. ಒಂದು ಹುಟ್ಟಿನಿಂದ ಬಂದದ್ದು, ಮೂಗು ಕಿವಿಯ ಹಾಗೆ. ಅದಕ್ಕೆ ಯಾರೂ ಹೊಣೆಯಲ್ಲ. ಇನ್ನೊಂದು ನಾವೇ ಕೈಯಾರೆ ಮಾಡಿಕೊಂಡದ್ದು. ಮೊದಲನೆಯದು ಇರುವವರನ್ನು ಜನ ಸಾಧು ಎನ್ನುತ್ತಾರೆ. ಆ ಹೆಸರಿನ ಮರೆಯಲ್ಲಿ ಎರಡನೆಯದನ್ನು ಎಷ್ಟು ದಿನ ಬೇಕಾದರೂ ಬಚ್ಚಿಡಬಹುದು. ನಾನು ಬಚ್ಚಿಟ್ಟಿದ್ದೆ. ಬಾಯಲ್ಲಿ ಹೇಳಿದ್ದು ಅರೆಬರೆಯಾಯಿತು, ಬರೆದಾದರೂ ಪೂರ್ತಿ ಮಾಡೋಣವೆಂದು ಹರ್ಷಿಣಿಯ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳನ್ನು ಹರಿದುಕೊಂಡು ಕುಳಿತಿದ್ದೇನೆ. ವಿಷಯ ಸೀಗಡಿಯದು. ನಕ್ಕರೂ ಪರವಾಗಿಲ್ಲ, ಕೊನೆಯವರೆಗೆ ಓದಿ.

ಸೀಗಡಿ ಎಂದರೆ ನೀವು ಇರಾಲ್ ಎನ್ನುತ್ತೀರಲ್ಲ, ಅದೇ. ನಾನು ಹುಟ್ಟಿದ ಕಡೆ ಸಮುದ್ರವೆನ್ನುವುದು ಶಾಲೆಯ ಭೂಪಟದಲ್ಲಿ ನೀಲಿ ಬಣ್ಣವಾಗಿ ಮಾತ್ರ ಇತ್ತು. ಮದುವೆಯಾಗಿ ಬಂದ ಮಡತ್ತುಕುಳಂನಲ್ಲಿ ಅಮರಾವತಿ ಹೊಳೆಯಿದೆ, ಕಾಲುವೆಯಿದೆ, ಗದ್ದೆಯಿದೆ, ಆದರೆ ಅದೆಲ್ಲ ಸಿಹಿನೀರು. ಸೀಗಡಿ ಮೊದಲು ನಮ್ಮ ಮನೆಯ ಹೊಸ್ತಿಲು ದಾಟಿದ್ದು ನಿಮ್ಮ ತಾತನ ಕೈಯಲ್ಲಿ. ಊರಿನ ರೈತರೆಲ್ಲ ಸೇರಿ ನಾಗಪಟ್ಟಣದ ಕಡೆ ಪ್ರವಾಸ ಹೋಗಿದ್ದಾಗ ಅಲ್ಲಿ ಯಾರೋ ತಿನ್ನಿಸಿದ್ದನ್ನು ಮೆಚ್ಚಿ, ಒಣಗಿಸಿದ ಸಣ್ಣ ಸೀಗಡಿಯನ್ನು ಒಂದು ಚೀಲ ತುಂಬಿಕೊಂಡು ಬಂದಿದ್ದರು. ಬಸ್ಸಿನಿಂದ ಇಳಿದವರು ಮನೆ ಮುಟ್ಟುವ ಮೊದಲೇ ವಾಸನೆ ಮುಟ್ಟಿತ್ತು. ನನ್ನ ಅತ್ತೆ ಚೀಲ ಬಿಚ್ಚಿ, ಒಂದನ್ನು ಮೀಸೆ ಹಿಡಿದೆತ್ತಿ, ಬೆಳಕಿಗೆ ತಿರುಗಿಸಿ ನೋಡಿ, ಇದು ಹುಳ, ಕೋಳಿಗೆ ಹಾಕು ಎಂದರು. ತಾತ ಚೀಲವನ್ನು ಕೋಳಿಗೂಡಿನ ಹತ್ತಿರ ಒಯ್ದರು. ಕೋಳಿಗಳು ಹಬ್ಬ ಮಾಡಿದವು. ಹದಿನೈದು ದಿನದಲ್ಲಿ ಮೊಟ್ಟೆಯೊಳಗಿನ ಹಳದಿ ಕುಂಕುಮದ ಬಣ್ಣಕ್ಕೆ ತಿರುಗಿತು. ಅತ್ತೆ ಸೀಗಡಿಯನ್ನು ಮುಟ್ಟಲಿಲ್ಲ. ಆದರೆ ಆ ಮೊಟ್ಟೆಗಳನ್ನು ಬೇರೆ ಯಾರಿಗೂ ಬಿಡದೆ ತಿಂದರು. ಚೀಲ ಬರಿದಾದ ದಿನ ತಾತನನ್ನು ಕರೆದು, ನಾಗಪಟ್ಟಣಕ್ಕೆ ಇನ್ನೊಂದು ಪ್ರವಾಸ ಯಾವಾಗ ಎಂದು ಕೇಳಿದರು.

ಅತ್ತೆಯವರದು ಅವರದೇ ಆದ ಒಂದು ಪ್ರಾಣಿಶಾಸ್ತ್ರ. ನಾಲ್ಕು ಕಾಲಿನದು ಹಬ್ಬಕ್ಕೆ, ಎರಡು ಕಾಲಿನದು ನೆಂಟರಿಗೆ, ಕಾಲಿಲ್ಲದ ಮೀನು ಕಾಲುವೆ ಬತ್ತಿದಾಗ. ಅದಕ್ಕಿಂತ ಹೆಚ್ಚು ಕಾಲಿದ್ದರೆ ಹುಳ. ಈ ಶಾಸ್ತ್ರದಲ್ಲಿ ಗದ್ದೆಯ ಏಡಿಗೆ ಮಾತ್ರ ವಿನಾಯಿತಿ. ಏಡಿ ಪ್ರಾಣಿಯೇ ಅಲ್ಲ, ಔಷಧಿ. ಶುಂಠಿ, ಹಿಪ್ಪಲಿ, ಏಡಿ ಎಂದು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಎದೆಯಲ್ಲಿ ಕಫ ಕಟ್ಟಿದರೆ ಬದುವಿನ ಬಿಲದಿಂದ ನಾಲ್ಕು ಏಡಿ ಹಿಡಿದು ತಂದು ಜಜ್ಜಿ, ಮೆಣಸು, ಜೀರಿಗೆ, ಬೆಳ್ಳುಳ್ಳಿ ಹಾಕಿ ಕುದಿಸಿ, ಬಟ್ಟೆಯಲ್ಲಿ ಸೋಸಿ ಬಿಸಿಬಿಸಿ ಕುಡಿಸುವುದು. ಮಾಂಸ ಬಿಟ್ಟ ಮುದುಕರೂ ಕಣ್ಣು ಮುಚ್ಚಿಕೊಂಡು ಕುಡಿಯುತ್ತಿದ್ದರು. ನಿಮ್ಮ ಅಪ್ಪ ನಾಲ್ಕು ವರ್ಷದವನಿದ್ದಾಗ ಮೂರು ದಿನ ಎದೆ ಗೊರಗೊರ ಎನ್ನುತ್ತಿತ್ತು. ಈ ಸಾರು ಎರಡು ಲೋಟ ಕುಡಿದು, ಬೆವರಿ, ಮಲಗಿ, ಮರುದಿನ ಬೆಳಿಗ್ಗೆ ಎದ್ದು ಕೋಳಿ ಅಟ್ಟಿಸಿಕೊಂಡು ಓಡಿದ. ಕಣ್ಣಾರೆ ಕಂಡದ್ದು. ಅಂದಿನಿಂದ ಈ ಸಾರಿನ ಮೇಲೆ ನನಗಿದ್ದ ನಂಬಿಕೆಯನ್ನು ಯಾವ ಡಾಕ್ಟರ ಕೈಯಲ್ಲೂ ಅಲ್ಲಾಡಿಸಲು ಆಗುತ್ತಿರಲಿಲ್ಲ.

ತಾತ ಹೋದ ಮೇಲೆ ನಾನು ಕೊಯಮತ್ತೂರಿಗೆ, ಈ ಮನೆಗೆ ಬಂದೆ. ಗಾಂಧಿಪುರಂ ಬಸ್‌ಸ್ಟ್ಯಾಂಡಿನ ಗದ್ದಲ ಕೇಳಿಸದಷ್ಟು ದೂರ, ಆದರೆ ನಡೆದು ಹೋಗಿಬರುವಷ್ಟು ಹತ್ತಿರ. ಕವಿನ್, ನಿನಗೆ ಆರು ವರ್ಷವಾಗಿದ್ದಾಗ ತಿರುಪ್ಪೂರಿನಲ್ಲಿ ನಿಮ್ಮ ಅಪ್ಪನ ಸ್ನೇಹಿತರ ಮನೆಯ ರಿಸೆಪ್ಷನ್ನಿನಲ್ಲಿ ಹುರಿದ ಇರಾಲ್ ಎರಡು ತಿಂದೆ. ಕಾರು ಅವಿನಾಶಿ ದಾಟುವುದರೊಳಗೆ ನಿನ್ನ ತುಟಿ ಊದಿ, ಮೈಯೆಲ್ಲ ದದ್ದು ಎದ್ದಿತ್ತು. ಡಾಕ್ಟರು ಒಂದು ಚೀಟಿಯಲ್ಲಿ ಏನೇನೋ ಬರೆದುಕೊಟ್ಟರು. ನಿಮ್ಮ ಅಪ್ಪ ಮನೆಗೆ ಬಂದು, ಇನ್ನು ಮೇಲೆ ಕವಿನ್‌ಗೆ ಇರಾಲ್ ಕೊಡಬಾರದು ಎಂದಷ್ಟೇ ಹೇಳಿದ. ಮಿಕ್ಕದ್ದನ್ನು ಹೇಳುವ ಅಗತ್ಯವೂ ಅವನಿಗೆ ಕಾಣಲಿಲ್ಲ, ನಮ್ಮ ಅಡುಗೆಮನೆಗೆ ಅದೆಲ್ಲ ಎಲ್ಲಿ ಬರುತ್ತದೆ. ಚೀಟಿ ಫ್ರಿಜ್ಜಿನ ಬಾಗಿಲಿಗೆ ಅಂಟಿಕೊಂಡಿತು. ಇಂಗ್ಲಿಷಿನಲ್ಲಿದ್ದ ಆ ಚೀಟಿಯನ್ನು ನಾನು ಎರಡು ವರ್ಷ ದಿನಕ್ಕೆ ಹತ್ತು ಸಲ ನೋಡಿದ್ದೇನೆ. ಗ್ಯಾಸಿನವರ ಫೋನ್ ನಂಬರ್ ಎಂದುಕೊಂಡಿದ್ದೆ.

ಇರಾಲ್ ವಿಷಯದಲ್ಲಿ ಮಾತ್ರ ನನ್ನಷ್ಟು ಕಟ್ಟುನಿಟ್ಟು ಯಾರೂ ಇರಲಿಲ್ಲ. ಅನ್ನೂರಿನಿಂದ ಯಾರು ಬಂದರೂ, ಅವಿನಾಶಿಯಿಂದ ಯಾರು ತಿಂಡಿ ತಂದರೂ ಮೊದಲು ನನ್ನ ಮೂಗಿಗೆ ತೋರಿಸಬೇಕು. ಮಹಡಿಯ ಮೇಲಿನ ಮನೆಗೆ ವಿನಯಾ ಬಾಡಿಗೆಗೆ ಬಂದಾಗ ನನ್ನ ಮೂಗು ಇನ್ನಷ್ಟು ಚುರುಕಾಯಿತು. ಅವಳು ಮುಲ್ಕಿ ಕಡೆಯವಳು, ಗಂಡಹೆಂಡಿರಿಬ್ಬರೂ ಆಫೀಸಿಗೆ ಹೋಗುವವರು. ನಮ್ಮ ಕನ್ನಡದ ತುಂಬ ತಮಿಳು, ಅವಳ ಕನ್ನಡ ಅಚ್ಚು ಹಾಕಿದ ಪುಸ್ತಕ. ಮೊದಲ ವಾರ ನಾವಿಬ್ಬರೂ ಒಬ್ಬರ ಮಾತಿಗೆ ಒಬ್ಬರು ನಕ್ಕದ್ದೇ ಹೆಚ್ಚು. ನನ್ನಿಂದ ಮಾತು ಹೊರಡಿಸುವ ವಿದ್ಯೆ ಅವಳಿಗೆ ಗೊತ್ತಿತ್ತು: ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯದೆ ಬಟ್ಟೆ ಮಡಿಸುತ್ತ ಕೂರುತ್ತಿದ್ದಳು. ನಾಚಿಕೆಯವರಿಗೆ ಮಾತು ಬರುವುದು ಹಾಗೆಯೇ, ಯಾರೂ ನಮ್ಮನ್ನು ನೋಡದಿದ್ದಾಗ. ಭಾನುವಾರ ಭಾನುವಾರ ಹರ್ಷಿಣಿಗೆ ಅವಳು ಕನ್ನಡ ಅಕ್ಷರ ಕಲಿಸುತ್ತಿದ್ದಳು. ಇಷ್ಟೆಲ್ಲ ಇದ್ದರೂ, ಮೆಟ್ಟಿಲ ಮೇಲಿಂದ ಮೀನು ಹುರಿಯುವ ವಾಸನೆ ಇಳಿದುಬಂದಾಗಲೆಲ್ಲ ನಾನು ಕಿಟಕಿ ಮುಚ್ಚುತ್ತಿದ್ದೆ. ಅವಳಿಗೆ ಕೇಳಿಸುವಷ್ಟು ಜೋರಾಗಿ ಎಂದೂ ಸೇರಿಸಬೇಕು.

ಕಳೆದ ವರ್ಷದ ಪುರಟ್ಟಾಸಿ ತಿಂಗಳು. ಪೆರುಮಾಳ್ ದೇವರ ತಿಂಗಳು; ಮನೆಯಲ್ಲಿ ಮಾಂಸವಿಲ್ಲ, ಮೊಟ್ಟೆಯಿಲ್ಲ. ಈ ಕಟ್ಟಳೆಗೆ ಕಾವಲುಗಾರ್ತಿ ನಾನೇ. ಆ ತಿಂಗಳ ಮೊದಲ ವಾರದಲ್ಲಿ ನಿಮ್ಮ ಅಮ್ಮ ಆಫೀಸಿನಲ್ಲಿ ಯಾರದೋ ಹುಟ್ಟುಹಬ್ಬದ ಕೇಕಿನ ತುಂಡು ತಂದಿದ್ದಳು. ಅದರಲ್ಲಿ ಮೊಟ್ಟೆ ಇರುತ್ತದೆಂದು ನಾನು ಮೂರು ದಿನ ಅವಳ ಜೊತೆ ಸರಿಯಾಗಿ ಮಾತಾಡಲಿಲ್ಲ. ನನ್ನ ಕೋಪವೂ ನನ್ನ ನಾಚಿಕೆಯ ಹಾಗೆ ಸದ್ದಿಲ್ಲದ್ದು; ಪಾತ್ರೆಗಳು ಮಾತ್ರ ಸದ್ದು ಮಾಡುತ್ತವೆ. ಆಮೇಲೆ ಕವಿನ್, ನಿನಗೆ ಶೀತ ಹಿಡಿಯಿತು. ಡಾಕ್ಟರ ಸಿರಪ್ಪು ಒಂದು ಬಾಟಲಿ ಮುಗಿದರೂ ಕೆಮ್ಮು ನಿಲ್ಲಲಿಲ್ಲ. ಮಲಗಿದಲ್ಲಿಂದ ನಿನ್ನ ಎದೆಯ ಗೊರಗೊರ ಕೇಳಿಸಿದರೆ ನನಗೆ ನಿಮ್ಮ ಅಪ್ಪನ ನಾಲ್ಕನೇ ವರ್ಷದ ನೆನಪು. ತಡೆಯಲಾರದೆ ಮಡತ್ತುಕುಳಂಗೆ ಫೋನ್ ಮಾಡಿ ನಿಮ್ಮ ಚಿಕ್ಕ ತಾತನಿಗೆ, ಎಂದರೆ ನನ್ನ ಮೈದುನನಿಗೆ, ಗುಟ್ಟಾಗಿ ಹೇಳಿದೆ.

ಅವನು ಶುಕ್ರವಾರ ಬಂದ. ಒಂದು ಕೈಯಲ್ಲಿ ತೆಂಗಿನಕಾಯಿ ಚೀಲ, ಇನ್ನೊಂದು ಕೈಯಲ್ಲಿ ಮುಚ್ಚಳವೂ ಹಿಡಿಕೆಯೂ ಇರುವ ತೂಕುಪಾತ್ರೆ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಳಗಿನಿಂದ ಕರಕರ ಸದ್ದು ಬರುತ್ತಿತ್ತಂತೆ. ಪಕ್ಕದಲ್ಲಿ ಕುಳಿತಿದ್ದ ಹಣೆಗೆ ನಾಮ ಹಾಕಿದ ಹಿರಿಯರು, ಏನಪ್ಪಾ ಒಳಗೆ ಎಂದು ಕೇಳಿದ್ದಕ್ಕೆ ಇವನು ಭಕ್ತಿಯಿಂದ, "ಮಗೂಗೆ ಮರುಂದು ಸಾಮಿ" ಎಂದನಂತೆ. ಔಷಧಿ ಎಂದದ್ದರಲ್ಲಿ ನನ್ನ ಪ್ರಕಾರ ಸುಳ್ಳೇನೂ ಇರಲಿಲ್ಲ. ಹಿತ್ತಲಿನ ಬಚ್ಚಲಲ್ಲಿ ಒಂದು ಬಕೆಟ್ಟಿಗೆ ಏಡಿಗಳನ್ನು ಸುರಿದು, ಮೇಲೆ ಮಣೆ ಮುಚ್ಚಿ, ಮಣೆಯ ಮೇಲೆ ರುಬ್ಬುಗುಂಡು ಇಟ್ಟೆ. ಮಾರನೆಯ ದಿನ ಪುರಟ್ಟಾಸಿಯ ಮೂರನೇ ಶನಿವಾರ, ಪೆರುಮಾಳಿನ ದೊಡ್ಡ ದಿನ, ಎಂಬುದು ನನಗೆ ನೆನಪಿರಲಿಲ್ಲವೆಂದು ಬರೆಯಬಹುದಿತ್ತು. ನೆನಪಿತ್ತು. ಬೆಳಿಗ್ಗೆ ಅಕ್ಕಿಹಿಟ್ಟು ಬೆಲ್ಲ ಕಲಸಿ, ತಂಬಿಟ್ಟಿನ ದೀಪ ಹಚ್ಚಿದ್ದು ಇದೇ ಕೈ. ಸಂಜೆ ನಿಮ್ಮ ಅಪ್ಪ ಅಮ್ಮ ದೇವಸ್ಥಾನದ ಸಾಲಿನಲ್ಲಿ ನಿಂತಿದ್ದಾಗ, ಹರ್ಷಿಣಿ ಟ್ಯೂಷನ್ನಿಗೆ ಹೋಗಿದ್ದಾಗ, ಹಿತ್ತಲಿನ ನೀರೊಲೆಯ ಮೇಲೆ ಹಳೆಯ ಮಣ್ಣಿನ ಚಟ್ಟಿಯಲ್ಲಿ ಸಾರು ಕುದಿಸಿದ್ದೂ ಇದೇ ಕೈ. ಅಡುಗೆಮನೆಗೆ ತರಲಿಲ್ಲ, ಅಲ್ಲಿನ ಸೌಟೂ ಮುಟ್ಟಿಸಲಿಲ್ಲ. ದೇವರ ಮನೆಯ ಬಾಗಿಲನ್ನು ಮಾತ್ರ ಎಳೆದುಕೊಂಡೆ. ತಪ್ಪಿಲ್ಲದವರು ಬಾಗಿಲು ಎಳೆದುಕೊಳ್ಳುವುದಿಲ್ಲ ಎಂದು ಆಗ ಹೊಳೆಯಲಿಲ್ಲ.

ಕವಿನ್, ನಾನು ಅದನ್ನು ಮೆಣಸು ರಸಂ ಎಂದೇ ನಿನಗೆ ಕೊಟ್ಟದ್ದು. ಒಂದು ಲೋಟ ಕುಡಿದು ಇನ್ನೂ ಅರ್ಧ ಲೋಟ ಬೇಕೆಂದೆ. ನನಗೆ ಎಷ್ಟು ಹೆಮ್ಮೆ. ಅಷ್ಟರಲ್ಲಿ ವಿನಯಾ ಮೇಲಿಂದ ಬಿಸಿ ಬನ್ಸ್ ತಂದಳು, ಬಾಳೆಹಣ್ಣು ಹಾಕಿ ಕಲಸಿದ ಹಿಟ್ಟನ್ನು ಪೂರಿಯ ಹಾಗೆ ಲಟ್ಟಿಸಿ ಕರಿದದ್ದು. ನೀನು ಎರಡು ತಿಂದೆ. ನಿಮ್ಮ ಅಪ್ಪ ಅಮ್ಮ ದೇವಸ್ಥಾನದಿಂದ ಒಳಗೆ ಕಾಲಿಡುವ ಹೊತ್ತಿಗೆ ನಿನ್ನ ತುಟಿ ಊದಿತ್ತು, ಕತ್ತಿನ ಮೇಲೆ ದದ್ದು ಹಬ್ಬಿತ್ತು, ಉಸಿರು ಎಳೆಯುತ್ತಿದ್ದೆ. ನಿಮ್ಮ ಅಪ್ಪ ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಓಡಿದ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು, ಮೂಗಿಗೆ ಕೊಳವೆ ಇಟ್ಟರು. ನಿನ್ನ ಕೈ ನನ್ನ ಸೆರಗನ್ನು ಹಿಡಿದುಕೊಂಡಿತ್ತು. ಡಾಕ್ಟರಮ್ಮ ಏನು ತಿಂದ ಎಂದು ಕೇಳಿದರು. ಎಂದೂ ಮೊದಲು ಬಾಯಿ ತೆರೆಯದ ನಾನು ಅಂದು ಎಲ್ಲರಿಗಿಂತ ಮೊದಲು ಹೇಳಿದೆ: ಮೇಲಿನ ಮನೆಯ ಬನ್ಸ್, ಅವರು ಇರಾಲ್ ಹುರಿಯುವವರು. ದಾರಿಯಲ್ಲಿ ನಿನ್ನ ಬಾಯಿಂದ ಕೇಳಿದ್ದ ನಿಮ್ಮ ಅಮ್ಮ, ನಮ್ಮ ಅತ್ತೆ ಮೆಣಸು ರಸಂ ಕೂಡ ಕೊಟ್ಟಿದ್ದರು ಎಂದಳು. ಡಾಕ್ಟರಮ್ಮ ನನ್ನ ಕಡೆ ತಿರುಗಿದರು.

"ರಸಂನಲ್ಲಿ ಬೇರೆ ಏನಾದ್ರೂ ಹಾಕಿದ್ರಾ ಪಾಟ್ಟಿ?" ಎಂದು ತಮಿಳಿನಲ್ಲಿ ಕೇಳಿದರು.

ಪಕ್ಕದಲ್ಲಿ ನಿಮ್ಮ ಅಪ್ಪ, ಹಣೆಯ ಮೇಲೆ ಆಗತಾನೆ ಹಾಕಿಸಿಕೊಂಡ ನಾಮ, ಕಿವಿಯಲ್ಲಿ ತುಳಸಿ. ಈಚೆ ನಿಮ್ಮ ಅಮ್ಮ, ಕೇಕಿನ ತುಂಡಿಗೆ ನನ್ನಿಂದ ಮೂರು ದಿನದ ಶಿಕ್ಷೆ ಅನುಭವಿಸಿದವಳು. ಮೆಣಸು, ಜೀರಿಗೆ, ಬೆಳ್ಳುಳ್ಳಿ, ಅಷ್ಟೇ ಎಂದೆ. ಶಾಲೆಯಲ್ಲಿ ಪದ್ಯ ಹೇಳಲು ಬಾರದಿದ್ದ ನನ್ನ ಬಾಯಲ್ಲಿ ಈ ಮೂರು ಮಾತು ಒಂದೂ ತಡವರಿಸದೆ ಬಂದವು. ಏಡಿಗೂ ನಿನ್ನ ತುಟಿಗೂ ಸಂಬಂಧವಿದೆ ಎಂದು ಆಗ ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸೀಗಡಿ ಸಮುದ್ರದ ಹುಳ, ಏಡಿ ನಮ್ಮ ಗದ್ದೆಯ ಮದ್ದು. ನಾನು ಮುಚ್ಚಿಟ್ಟದ್ದು ಮರ್ಯಾದೆಯನ್ನು, ವಿಷವನ್ನಲ್ಲ ಎಂದೇ ಅಂದುಕೊಂಡಿದ್ದೆ.

ನೀನು ಮರುದಿನ ಮನೆಗೆ ಬಂದೆ. ನಿಮ್ಮ ಅಪ್ಪ ಮೇಲೆ ಹೋಗಿ ವಿನಯಾಳನ್ನು ಕೇಳಿದ. ಬೇರೆ ಯಾರಾದರೂ ಆಗಿದ್ದರೆ ಇಲ್ಲವೇ ಇಲ್ಲ ಎಂದು ಸಾಧಿಸುತ್ತಿದ್ದರು. ಅವಳು ಯೋಚಿಸಿ, ಗುರುವಾರ ಸೀಗಡಿ ಹುರಿದದ್ದು ಹೌದು, ಬನ್ಸ್ ಮಾಡಿದ್ದು ಹೊಸ ಎಣ್ಣೆಯಲ್ಲಿ, ಆದರೆ ಬಾಣಲೆ ಅದೇ, ಚೆನ್ನಾಗಿ ತೊಳೆದಿದ್ದೆ ಅಂತ ಅನಿಸುತ್ತದೆ ಎಂದಳು. ಅನಿಸುತ್ತದೆ ಎನ್ನುವ ಆ ಒಂದು ಪ್ರಾಮಾಣಿಕತೆ ಅವಳನ್ನು ಹಿಡಿದುಕೊಟ್ಟಿತು. ನಿಮ್ಮ ಅಪ್ಪ ಕೂಗಾಡುವವನಲ್ಲ. ದೀಪಾವಳಿ ಕಳೆಯುತ್ತಲೇ ಬೇರೆ ಮನೆ ನೋಡಿಕೊಳ್ಳಿ, ಮಗು ಇರುವ ಮನೆ ಎಂದು ಮೆಲ್ಲಗೆ ಹೇಳಿ ಇಳಿದುಬಂದ. ನಾನು ಕೆಳಗಿನ ಮೆಟ್ಟಿಲ ಹತ್ತಿರ ನಿಂತು ಕೇಳಿಸಿಕೊಂಡು, ನೀನು ಸರಿಯಾದದ್ದೇ ಮಾಡಿದೆಯಪ್ಪ ಎಂದೆ. ಮಾತು ಕಡಿಮೆ ಇರುವವರು ಆಡಿದ್ದಕ್ಕೆ ತೂಕ ಹೆಚ್ಚು, ಅದು ನಮ್ಮ ದೌರ್ಭಾಗ್ಯ.

ಅಕ್ಷರದ ಪಾಠ ಕಾಗುಣಿತದ ಮಧ್ಯದಲ್ಲಿ ನಿಂತಿತು. ಆಯುಧಪೂಜೆಗೆ ನಾನು ಕಡಲೆ ಉಸಲಿಯನ್ನು ಒಂದು ಡಬ್ಬಿಯಲ್ಲಿ ಮೇಲಕ್ಕೆ ಕಳುಹಿಸಿದೆ, ಕ್ಷಮಿಸಿದವರ ಗತ್ತಿನಲ್ಲಿ. ಡಬ್ಬಿ ಮರಳಿ ಬಂತು. ಪಾತ್ರೆಯನ್ನು ಖಾಲಿ ಕಳುಹಿಸಬಾರದಲ್ಲ. ಮೊದಲೆಲ್ಲ ಅವಳು ಅದರಲ್ಲಿ ಚಕ್ಕುಲಿಯೋ ಪಾಯಸವೋ ತುಂಬಿ ಕಳುಹಿಸುತ್ತಿದ್ದಳು. ಈ ಸಲ ಒಂದು ಹಿಡಿ ಸಕ್ಕರೆ. ತನ್ನ ಒಲೆಯ ಮೇಲೆ ಏರದ, ತನ್ನ ಸೌಟು ಮುಟ್ಟದ ವಸ್ತು ಯಾವುದೆಂದು ಹುಡುಕಿ ಹಾಕಿದ್ದಳು. ಡಬ್ಬಿಯನ್ನು ಎಷ್ಟು ತಿಕ್ಕಿದ್ದಳೆಂದರೆ ತಳದಲ್ಲಿ ಕೊರೆಸಿದ್ದ ತಾತನ ಹೆಸರು ಮಸುಕಾಗಿತ್ತು. ನಾನು ಆ ಸಕ್ಕರೆಯಲ್ಲಿ ಕಾಫಿ ಮಾಡಿಕೊಂಡು ಕುಡಿದೆ.

ಅದಾಗಿ ಹತ್ತು ದಿನಕ್ಕೆ ಹರ್ಷಿಣಿ ಶಾಲೆಗೆಂದು ಒಂದು ಚಾರ್ಟು ಹರಡಿಕೊಂಡು ಕುಳಿತಳು. ನಡುವೆ ದೊಡ್ಡದಾಗಿ ಒಂದು ಸೀಗಡಿ, ಸುತ್ತ ಅದನ್ನು ತಿನ್ನುವವರು. ಒಂದು ಉದ್ದ ಕಾಲಿನ ಹಕ್ಕಿ ಇದನ್ನೂ ಇದರ ಜಾತಿಯ ಸಣ್ಣ ಹುಳಗಳನ್ನೂ ತಿಂದು ತಿಂದೇ ಗುಲಾಬಿ ಬಣ್ಣಕ್ಕೆ ಬರುತ್ತದಂತೆ. ಮನೆಯಷ್ಟು ದೊಡ್ಡ ತಿಮಿಂಗಿಲ ಇದರ ಸಣ್ಣ ನೆಂಟರನ್ನು ಬಾಯಿತುಂಬ ನೀರಿನ ಸಮೇತ ಸೋಸಿ ತಿನ್ನುತ್ತದಂತೆ. ನಮ್ಮ ಊರಲ್ಲಿ ಯಾರು ತಿನ್ನುತ್ತಿದ್ದರು ಅವ್ವಾ ಎಂದು ಕೇಳಿದಳು. ಕೋಳಿ ಎಂದೆ, ನಾಗಪಟ್ಟಣದ ಚೀಲದ ಕಥೆ ಹೇಳಿದೆ. ಅವಳು ಸಂತೋಷದಿಂದ ಒಂದು ಕೋಳಿ ಬರೆದು ಅದರ ಮುಂದೆ ಕೆಂಪು ಮೊಟ್ಟೆ ಇಟ್ಟಳು. ಸೀಗಡಿ ಬೆಳೆಯಬೇಕಾದರೆ ಹಳೆಯ ಓಡು ಕಳಚಬೇಕು, ಹೊಸ ಓಡು ಗಟ್ಟಿಯಾಗುವವರೆಗೆ ಮೆತ್ತಗಿನ ಮೈ ಹೊತ್ತು ಕಲ್ಲಿನ ಸಂದಿಯಲ್ಲಿ ಅವಿತಿರುತ್ತದೆ ಎಂದೆಲ್ಲ ಓದಿ ಹೇಳಿದಳು. ಪಾಪ, ನನ್ನ ಹಾಗೆಯೇ ಎಂದುಕೊಂಡು ನಗುತ್ತಿದ್ದೆ. ಅಷ್ಟರಲ್ಲಿ ಮೂಲೆಯಲ್ಲಿ ಅವಳು ಏಡಿ, ನಿಮ್ಮ ಬಾಯಲ್ಲಿ ನಂಡು, ಬರೆಯತೊಡಗಿದಳು. ಇದು ಯಾಕೆ ಇಲ್ಲಿ, ಇದೂ ಸೀಗಡಿ ತಿನ್ನುತ್ತದಾ ಎಂದು ಕೇಳಿದೆ.

"ತಿನ್ನುತ್ತೆ. ಆದ್ರೆ ಅದಕ್ಕಲ್ಲ ಅವ್ವಾ," ಎಂದಳು ಹರ್ಷಿಣಿ. "ಇರಾಲು, ನಂಡು, ಎರಡೂ ಒಂದೇ ಕುಟುಂಬ. ಎರಡಕ್ಕೂ ಹತ್ತು ಕಾಲು, ಮೇಲೆ ಓಡು. ಹೂಕುಂಡದ ಅಡಿಯಲ್ಲಿ ಮುಟ್ಟಿದ್ರೆ ಉಂಡೆ ಆಗುತ್ತಲ್ಲ ಹುಳ, ಅದೂ ಇವ್ರ ಸೊಂದನೇ, ನೆಂಟ. ಅದಕ್ಕೇ ಕವಿನ್‌ಗೆ ನಂಡೂ ಆಗಲ್ಲ. ಫ್ರಿಜ್ ಮೇಲೆ ಬರ್ದಿದೆಯಲ್ಲ."

ನಾನು ಎದ್ದು ದೇವರ ಮನೆಗೆ ಹೋದೆ. ದೀಪದ ಬತ್ತಿ ಸರಿಮಾಡುವವಳ ಹಾಗೆ ನಿಂತೆ, ದೀಪ ಹಚ್ಚಿರಲಿಲ್ಲ. ನಮ್ಮ ಕಡೆ ದಾಯಾದಿಗಳು ಎಷ್ಟೇ ದೂರ ಹೋದರೂ ಸಾವಿನ ಸೂತಕ ಎಲ್ಲರಿಗೂ ಒಂದೇ. ಗದ್ದೆಯ ಏಡಿಗೆ ಸಮುದ್ರದಲ್ಲಿ ಇಂಥ ದಾಯಾದಿ ಇದ್ದಾನೆಂದು ಅತ್ತೆಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಆದರೆ ಡಾಕ್ಟರಮ್ಮನಿಗೆ ಗೊತ್ತಿತ್ತು. ಅವರು ಕೇಳಿದ್ದು ಅದನ್ನೇ. ನಾನು ಒಂದು ಮಾತು ನಿಜ ಹೇಳಿದ್ದರೆ ಅಂದೇ ಅಲ್ಲೇ ತೀರುತ್ತಿತ್ತು.

ಗೊತ್ತಾದ ಕೂಡಲೇ ಹೇಳಿದೆನೇ ಎಂದರೆ, ಇಲ್ಲ. ಅದೇ ಈ ಬರಹದ ಕಾರಣ. ಹೇಳದೆಯೇ ಸರಿಮಾಡಲು ಏನೇನು ದಾರಿ ಇದೆಯೆಂದು ಹುಡುಕಿದೆ. ನಿಮ್ಮ ಅಪ್ಪನ ಹತ್ತಿರ, ಪಾಪ ಒಳ್ಳೆಯ ಹುಡುಗಿ, ಇರಲಿ ಬಿಡಪ್ಪ ಎಂದೆ. ಅಮ್ಮಾ, ಮೊದಲು ಹೇಳಿದ್ದೇ ನೀವು ಎಂದ. ನಿಮ್ಮ ಅಮ್ಮನ ಹತ್ತಿರ, ಬನ್ಸಿನಿಂದಲೇ ಅಂತ ಏನು ಖಾತ್ರಿ ಎಂದೆ. ಬೇರೆ ಏನಿತ್ತು ಅತ್ತೆ ಎಂದಳು. ನಾನು ಕೊತ್ತಂಬರಿ ಸೊಪ್ಪು ಬಿಡಿಸತೊಡಗಿದೆ. ಪೆರುಮಾಳಿಗೆ ಒಂದು ಹರಕೆಯನ್ನೂ ಹೊತ್ತೆ, ವಿನಯಾ ತಾನಾಗಿಯೇ ಇರಲು ಒಪ್ಪಿಬಿಡಲಿ ಎಂದು. ನಾನು ಕೆಡಿಸಿದ ಶನಿವಾರದ ದೇವರನ್ನೇ ನನ್ನ ಪರವಾಗಿ ಕೆಲಸಕ್ಕೆ ಹಚ್ಚುವ ಧೈರ್ಯ ನೋಡಿ. ಮೇಲಿನ ಮನೆಯಲ್ಲಿ ರಟ್ಟಿನ ಪೆಟ್ಟಿಗೆ ಎಳೆಯುವ ಸದ್ದು ಶುರುವಾಯಿತು. ಆ ಸದ್ದಿಗೆ ನಾನು ಕಿಟಕಿ ಮುಚ್ಚಲಿಲ್ಲ.

ಪುರಟ್ಟಾಸಿ ಕಳೆದು ಐಪ್ಪಸಿ ತಿಂಗಳ ಮಳೆ ಹಿಡಿಯಿತು. ಕವಿನ್, ನಿನಗೆ ಮತ್ತೆ ಶೀತ. ದೀಪಾವಳಿ ಮುಗಿದ ವಾರ, ಒಂದು ಸಂಜೆ ನಿಮ್ಮ ಅಮ್ಮ ನನ್ನ ಹತ್ತಿರ ಬಂದು, ಅತ್ತೆ, ಅಂದು ಮಾಡಿದ್ದಿರಲ್ಲ ಮೆಣಸು ರಸಂ, ಅದನ್ನೇ ಮಾಡಿಕೊಡಿ, ಆಮೇಲೆ ಕಫ ಇರಲೇ ಇಲ್ಲ ಎಂದಳು. ಅದು ಆಸ್ಪತ್ರೆಯ ಇಂಜೆಕ್ಷನ್ನಿನ ಗುಣ. ಆದರೂ ಆ ಹೊಗಳಿಕೆ ಕೇಳಿ ಒಂದು ಗಳಿಗೆ ನನಗೆ ಖುಷಿಯಾಯಿತು, ಅದನ್ನೂ ಬರೆದಿಡುತ್ತೇನೆ. ಅಡುಗೆಮನೆಯಲ್ಲೇ, ಬರೀ ಮೆಣಸು ಜೀರಿಗೆ ಬೆಳ್ಳುಳ್ಳಿಯ ರಸಂ ಮಾಡಿ ಕೊಟ್ಟೆ. ನೀನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಅವ್ವಾ, ಇದು ಆ ರಸಂ ಇಲ್ಲ," ಎಂದೆ. ಅದು ಸಿಹಿ ಸಿಹಿಯಾಗಿತ್ತು, ಹಿತ್ತಲಲ್ಲಿ ಮಾಡಿದ್ದಿರಿ ಎಂದೂ ನೀನೇ ಸೇರಿಸಿದೆ. ನಿಮ್ಮ ಅಮ್ಮನಿಗೆ ಸಂಶಯವೇ ಬರಲಿಲ್ಲ. ಊರಿನ ಯಾವುದೋ ಬೇರೋ ಸೊಪ್ಪೋ ಇರಬೇಕೆಂದುಕೊಂಡಳು. ಏನು ಹಾಕಿದ್ದಿರಿ ಹೇಳಿ ಅತ್ತೆ, ಚಿಕ್ಕಮಾವನಿಗೆ ಫೋನ್ ಮಾಡ್ತೇನೆ, ನಾಳೆ ಬಸ್ಸಿನಲ್ಲಿ ತಂದುಕೊಡಲಿ ಎಂದು ಆಗಲೇ ಫೋನ್ ಕೈಗೆ ತೆಗೆದುಕೊಂಡಳು.

ಮೈದುನ ತಂದೇಬಿಡುತ್ತಾನೆ. ಅವನಿಗೇನು ಗೊತ್ತು. ನಾನು ಇವತ್ತೂ ಸುಮ್ಮನಿದ್ದರೆ ನಾಳೆ ನನ್ನ ಸೊಸೆಯೇ ನಿನಗೆ ಆ ಲೋಟವನ್ನು ಕೊಡುತ್ತಾಳೆ. ನಾನು ಯಾರ ಮುಖವನ್ನೂ ನೋಡಲಾರದೆ ಫ್ರಿಜ್ಜಿನ ಕಡೆ ತಿರುಗಿ ನಿಂತು, ಆ ಚೀಟಿಗೆ ಹೇಳಿದೆ.

"ಅದ್ರಲ್ಲಿ ನಂಡು ಹಾಕಿದ್ದೆ."

ನಿಮ್ಮ ಅಪ್ಪ ಊಟದ ತಟ್ಟೆಯ ಮುಂದೆ ಕುಳಿತಿದ್ದವನು ಲೆಕ್ಕ ಹಾಕುವವನ ಹಾಗೆ ನೋಡಿ, ಅಮ್ಮಾ, ಮೂರನೇ ಶನಿವಾರವಾ ಎಂದ. ಮಗ ಸಾಯುವ ಹಾಗಾಗಿದ್ದ, ಬಾಡಿಗೆಯವರನ್ನು ಹೊರಗೆ ಹಾಕಿದ್ದ, ಅದೆಲ್ಲ ಬಿಟ್ಟು ಅವನ ಬಾಯಿಗೆ ಮೊದಲು ಬಂದದ್ದು ಅದು. ನನ್ನ ಮಗನಲ್ಲವೇ, ನಾನೇ ಕಲಿಸಿದ್ದು. ನಿಮ್ಮ ಅಮ್ಮ ಮಾತ್ರ ಶನಿವಾರದ ಸುದ್ದಿ ಎತ್ತಲಿಲ್ಲ, ಕೇಕಿನ ಸುದ್ದಿಯನ್ನೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಸುಲಭವಾಗುತ್ತಿತ್ತು. ಫೋನನ್ನು ಮೆಲ್ಲಗೆ ಕೆಳಗಿಟ್ಟು ಹೇಳಿದಳು:

"ಡಾಕ್ಟರ್ ನಿಮ್ಮನ್ನೇ ಕೇಳಿದ್ರು ಅತ್ತೆ. ಅವನ ಕೈ ನಿಮ್ಮ ಸೆರಗಲ್ಲಿತ್ತು."

ನಾನು ಚಪ್ಪಲಿ ಹಾಕಿಕೊಳ್ಳದೆ ಹೊರಗೆ ಬಂದು ಮಹಡಿಯ ಮೆಟ್ಟಿಲು ಹತ್ತಿದೆ. ಮಂಡಿನೋವೆಂದು ವಿನಯಾಳ ಮನೆಗೆ ಒಂದು ಸಲವೂ ಹತ್ತಿರಲಿಲ್ಲ, ಎಲ್ಲದಕ್ಕೂ ಅವಳೇ ಇಳಿದು ಬರುತ್ತಿದ್ದಳು. ಬಾಗಿಲು ತೆರೆದಿತ್ತು, ವಿನಯಾ ಪುಸ್ತಕಗಳಿಗೆ ಹಗ್ಗ ಕಟ್ಟುತ್ತಿದ್ದಳು. ಕೂರಿ ಅಜ್ಜಿ ಎಂದು ಒಂದು ಪೆಟ್ಟಿಗೆ ಸರಿಸಿದಳು. ಅವಳು ಹಗ್ಗದ ಕಡೆ ನೋಡುತ್ತಿದ್ದುದರಿಂದ ನನಗೆ ಮಾತು ಬಂತು. ಏಡಿ, ಶನಿವಾರ, ಡಾಕ್ಟರು, ಚಾರ್ಟು ಎಲ್ಲ ಹೇಳಿದೆ. ಚಾರ್ಟು ನೋಡಿ ಎಷ್ಟು ದಿನವಾಯಿತು ಅಜ್ಜಿ ಎಂದು ಕೇಳಿದಳು. ಮೂರು ವಾರ ಎಂದೆ. ಹಗ್ಗದ ಗಂಟು ಅವಳ ಕೈಯಲ್ಲೇ ನಿಂತಿತು.

"ಆ ಬಾಣಲೆಯನ್ನು ನಾನು ಬಿಸಾಡಿದ್ದೇನೆ, ಗೊತ್ತುಂಟಾ ಅಜ್ಜಿ," ಎಂದಳು. "ನನ್ನ ಅಮ್ಮ ಕೊಟ್ಟದ್ದು. ನಿಮ್ಮ ಮಗುವನ್ನು ನಾನೇ ಕೊಂದುಬಿಡ್ತಿದ್ದೆ ಅಂತ ದಿನಾ ರಾತ್ರಿ ಎಚ್ಚರ ಆಗ್ತಿತ್ತು ನಂಗೆ."

ಬಯ್ಯಲಿಲ್ಲ. ಎದ್ದು ಹೋಗಿ ಒಂದು ಲೋಟ ನೀರು ತಂದುಕೊಟ್ಟಳು. ನಿಮ್ಮ ಅಪ್ಪ ಅಷ್ಟರಲ್ಲಿ ಹಿಂದೆಯೇ ಬಂದು, ಕೈ ಮುಗಿದು, ದಯವಿಟ್ಟು ಇಲ್ಲೇ ಇರಿ ಎಂದು ಕೇಳಿಕೊಂಡ. ಬೇಡ ಅಣ್ಣ, ಸರವಣಂಪಟ್ಟಿಯಲ್ಲಿ ಮನೆ ಆಗಿದೆ, ಆಫೀಸಿಗೂ ಹತ್ತಿರ ಎಂದಳು. ಆಫೀಸಿಗೆ ಹತ್ತಿರವೆನ್ನುವುದು ಮರ್ಯಾದೆಯ ಮಾತು ಎಂದು ಮೂವರಿಗೂ ಗೊತ್ತಿತ್ತು. ಆ ಭಾನುವಾರ ಹೋದರು. ಈಗ ಹರ್ಷಿಣಿಗೆ ಫೋನಿನಲ್ಲಿ ಮುಖ ನೋಡಿಕೊಂಡು ಪಾಠ ಹೇಳುತ್ತಾಳೆ; ಒತ್ತಕ್ಷರ ಮುಗಿಯಿತಂತೆ. ನನ್ನನ್ನೂ ಒಂದು ಸಲ ಕರೆದು, ಅಜ್ಜಿ ಚೆನ್ನಾಗಿದ್ದೀರಾ ಎಂದಳು. ನಾನು ಹೂಂ ಎಂದು ಫೋನಿನ ಚೌಕಟ್ಟಿನಿಂದ ಅರ್ಧ ಈಚೆ ಸರಿದುಕೊಂಡೆ. ನಿಮ್ಮ ಅಮ್ಮ ಈಗ ಚೀಟಿಯಲ್ಲಿದ್ದದ್ದನ್ನೆಲ್ಲ ಬಾಯಲ್ಲಿ ಓದಿ ಹೇಳಿ ನನ್ನ ಕೈಯಲ್ಲೇ ಕನ್ನಡದಲ್ಲಿ ಬರೆಸಿದ್ದಾಳೆ. ನನ್ನ ಜೊತೆ ಚೆನ್ನಾಗಿಯೇ ಇದ್ದಾಳೆ. ಆದರೆ ನಾನು ಕವಿನ್‌ಗೆ ಏನೇ ಕೊಟ್ಟರೂ, ಒಂದು ಬಾಳೆಹಣ್ಣಾದರೂ, ಅವಳ ಕಣ್ಣು ಒಮ್ಮೆ ನನ್ನ ಕೈಯನ್ನು ಹಾದುಹೋಗುತ್ತದೆ. ಅದು ಅವಳ ತಪ್ಪಲ್ಲ.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ಇದು ನಾಲ್ಕನೆಯ ಪ್ರತಿ. ಮೊದಲನೆಯದರಲ್ಲಿ ಸಾರು ಕುದಿಸಿದ್ದು ಮೈದುನ ಎಂದು ಬರೆದಿದ್ದೆ. ಎರಡನೆಯದರಲ್ಲಿ ಅದು ಬುಧವಾರವಾಗಿತ್ತು. ಮೂರನೆಯದರಲ್ಲಿ ಎಲ್ಲ ಸರಿಯಿತ್ತು, ಡಾಕ್ಟರಮ್ಮ ಮಾತ್ರ ನನ್ನನ್ನು ಏನೂ ಕೇಳಿರಲಿಲ್ಲ. ಮೂರನ್ನೂ ನೀರೊಲೆಗೆ ಹಾಕಿದ್ದೇನೆ. ಇದರಲ್ಲಿಯೂ ಈಗ ಓದಿ ನೋಡಿದರೆ, ಚಾರ್ಟು ನೋಡಿ ಮೂರು ವಾರ ಸುಮ್ಮನಿದ್ದೆ ಎಂಬಲ್ಲಿ ಮೂರನ್ನು ಅಳಿಸಿ ಒಂದು ಮಾಡಿದರೆ ಏನು ಮಹಾ ಎಂದು ಕೈ ತುರಿಸುತ್ತಿದೆ. ಆದ್ದರಿಂದ ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಗೆದ್ದಲಿನಿಂದ, ಮಳೆಯಿಂದ ಆಮೇಲೆ ಕಾಪಾಡುವಿರಂತೆ. ಮೊದಲು ನನ್ನ ಕೈಗೆ ಸಿಗದ ಹಾಗೆ ಇಡಿ.